ಸ್ವರ ಹೋದ ಮೇಲಿನ ಮಾತು

ನನ್ನ ಸ್ವರ ಕೆಟ್ಟಿದೆ ಅಂತ ಮೊದಲು ಗಮನಿಸಿದ್ದು ನಾನಲ್ಲ, ದಿನಾ ಜಯಪುರದಲ್ಲಿ ಬಸ್ ಹತ್ತುತ್ತಿದ್ದ ಒಬ್ಬರು ಟೀಚರು. "ಎಂತ ನಾಗರಾಜ, ಇನ್ನೂ ನೆಗಡಿ ಬಿಟ್ಟಿಲ್ವಾ? ತಿಂಗಳಾಯ್ತಲ್ಲ ಈ ಸ್ವರ," ಅಂದರು. "ಕೂಗಿ ಕೂಗಿ ಹಿಂಗಾಗಿದೆ ಟೀಚರೇ," ಅಂದೆ. ಅದನ್ನು ನಾನೂ ನಂಬಿದ್ದೆ. ಹದಿನೇಳು ವರ್ಷದಿಂದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಬೆಳಿಗ್ಗೆ ಬಸರೀಕಟ್ಟೆಯಿಂದ ಹೊರಟು ಕೊಪ್ಪಕ್ಕೆ ಬಂದು, ಅಲ್ಲಿಂದ ಎನ್.ಆರ್.ಪುರಕ್ಕೆ ಹೋಗಿ, ಸಂಜೆಗೆ ವಾಪಸ್. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಾನು ಊರಿನ ಹೆಸರು ಕೂಗಿದರೆ ಅಂಗಡಿಯೊಳಗೆ ಕಾಫಿ ಕುಡಿಯುವವರು ಲೋಟ ಇಟ್ಟು ಎದ್ದು ಬರುತ್ತಿದ್ದರು. ಸೇದುತ್ತಿದ್ದದ್ದು ಬೀಡಿ, ದಿನಕ್ಕೆ ಒಂದು ಕಟ್ಟು. ಮುಚ್ಚಿಡುವಂಥದ್ದೇನಿಲ್ಲ.

ಮಳೆಗಾಲ ಕಳೆಯಿತು, ಸ್ವರ ಸರಿಯಾಗಲಿಲ್ಲ. ಕೂಗುವುದು ಬಿಟ್ಟು ವಿಸಿಲ್ ಮೇಲೆಯೇ ದಿನ ದೂಡಿದೆ. ಆಮೇಲೆ ನುಂಗುವಾಗ ಕಿವಿಯೊಳಗೆ ಚುಚ್ಚಿದ ಹಾಗೆ ಆಗತೊಡಗಿತು. ಕೊಪ್ಪದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಶಿವಮೊಗ್ಗಕ್ಕೆ ಹೋಗು, ನಾಳೆ ನಾಡಿದ್ದು ಅನ್ಬೇಡ," ಅಂದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಗಂಟಲಿನ ವಿಭಾಗದ ಹೊರಗೆ ಉದ್ದದ ಬೆಂಚುಗಳು. ಅಲ್ಲಿ ಕೂತವರನ್ನು ನೋಡಿದರೆ ಯಾರು ಹೊಸಬರು, ಯಾರು ಹಳಬರು ಅಂತ ಗೊತ್ತಾಗುತ್ತಿತ್ತು. ಹೊಸಬರು ಪಕ್ಕದವರ ಹತ್ತಿರ ಮಾತಾಡುತ್ತಿದ್ದರು. ಹಳಬರು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ಅವರ ಪಕ್ಕ ಜಾಗ ಖಾಲಿಯಿದ್ದರೂ ನಾನು ನಿಂತೇ ಇದ್ದೆ. ಇವತ್ತು ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೂಗಿನಲ್ಲಿ ತೆಳ್ಳಗಿನ ಪೈಪು ಬಿಟ್ಟು ನೋಡಿದರು. ಪ್ರಜ್ಞೆ ತಪ್ಪಿಸಿ ಚೂರು ಮಾಂಸ ತೆಗೆದರು. ಸ್ಕ್ಯಾನ್ ಆಯಿತು. ರಿಪೋರ್ಟ್ ತೆಗೆದುಕೊಳ್ಳಲು ನಾನೊಬ್ಬನೇ ಹೋಗಿದ್ದೆ. ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಫೈಲು ಮುಚ್ಚಿ, ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ಕೂತರು. ಅವರು ಕುರ್ಚಿ ಎಳೆದುಕೊಂಡಾಗಲೇ ನನಗೆ ಗೊತ್ತಾಯಿತು.

"ಜೊತೆಗೆ ಯಾರೂ ಬಂದಿಲ್ವಾ?"

"ಇಲ್ಲ ಮೇಡಂ."

"ಕ್ಯಾನ್ಸರ್ ಇದೆ ನಾಗರಾಜ. ಸ್ವಲ್ಪ ಮುಂದೆ ಹೋಗಿದೆ. ಸ್ವರಪೆಟ್ಟಿಗೆ ಪೂರ್ತಿ ತೆಗೀಬೇಕಾಗ್ತದೆ. ಕುತ್ತಿಗೆಯಲ್ಲಿ ಒಂದು ತೂತು ಇರ್ತದೆ, ಮುಂದೆ ಉಸಿರಾಟ ಎಲ್ಲ ಅದರಿಂದ."

"ಮಾತು?"

"ಮಾತಿಗೆ ದಾರಿ ಇದೆ. ಅದು ಆಮೇಲೆ. ಮೊದಲು ನೀವು ಉಳೀಬೇಕಲ್ಲ?"

ಅವರು ಇನ್ನೂ ಏನೇನೋ ಹೇಳಿದರು. ನಾನು ತಲೆ ಆಡಿಸಿದೆ. ಹೊರಗೆ ಬಂದು ಬಸ್ ಹತ್ತಿ, ಟಿಕೆಟ್ ಕೇಳಿದ ಕಂಡಕ್ಟರನ ಮುಖವನ್ನೇ ನೋಡುತ್ತಾ ಕೂತೆ. ಪರಿಚಯದವನೇ. "ಎಂತ ಮಾರಾಯ, ದೆವ್ವ ಕಂಡವನ ಹಾಗೆ ನೋಡ್ತೀಯ?" ಅಂದ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ.

ನನ್ನ ಹೆಂಡತಿ ಸುಮಿತ್ರ ಬಸರೀಕಟ್ಟೆಯ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯ ಕೆಲಸಗಾರರ ಲೈನ್ ಮನೆಯಲ್ಲೇ ನಮ್ಮ ಸಂಸಾರ. ಒಬ್ಬಳೇ ಮಗಳು ಅಶ್ವಿನಿ, ಕೊಪ್ಪದಲ್ಲಿ ಪಿಯುಸಿ ಓದುತ್ತಿದ್ದಳು. ಮನೆಗೆ ಬಂದಾಗ ಸುಮಿತ್ರ ಬಾಗಿಲಲ್ಲೇ ನಿಂತಿದ್ದಳು.

"ಎಂತ ಹೇಳಿದ್ರು?"

"ಗಂಟಲಲ್ಲಿ ಬಾವಂತೆ. ಮಾತ್ರೆ ಕೊಟ್ಟಿದ್ದಾರೆ."

ಇಷ್ಟೇ ಸುಳ್ಳು. ಆದರೆ ಅದನ್ನು ದಿನಾ ಹೊಸದಾಗಿ ಹೇಳಬೇಕಾಯಿತು. ಮಾತ್ರೆ ಎಲ್ಲಿ ಅಂದರೆ ಖಾಲಿಯಾಯಿತು ಅನ್ನಬೇಕು. ಯಾಕೆ ಊಟ ಬಿಟ್ಟಿರಿ ಅಂದರೆ ಎನ್.ಆರ್.ಪುರದಲ್ಲಿ ತಿಂದೆ ಅನ್ನಬೇಕು. ರಿಪೋರ್ಟ್ ಫೈಲನ್ನು ಟ್ರಂಕಿನಲ್ಲಿ ನನ್ನ ಹಳೇ ಖಾಕಿ ಅಂಗಿಗಳ ಕೆಳಗೆ ಇಟ್ಟೆ. ಯಾರೋ ಹೇಳಿದರೆಂದು ಒಬ್ಬರ ಹತ್ತಿರ ಬೇರಿನ ಪುಡಿ ತಂದು, ಜೇನಿನಲ್ಲಿ ಕಲಸಿ ಕದ್ದು ನೆಕ್ಕುತ್ತಿದ್ದೆ. ಮಾತು ಕಳಕೊಂಡು ಬದುಕುವುದಕ್ಕಿಂತ ಇದ್ದಷ್ಟು ದಿನ ಇರುವುದು ಅಂತ ಒಂದು ಹೊತ್ತು ಅನ್ನಿಸುತ್ತಿತ್ತು. ಇನ್ನೊಂದು ಹೊತ್ತು ಅಶ್ವಿನಿ ಪುಸ್ತಕ ಹಿಡಿದು ಕೂತದ್ದು ಕಂಡು ನಾಳೆಯೇ ಶಿವಮೊಗ್ಗಕ್ಕೆ ಹೋಗೋಣ ಅನ್ನಿಸುತ್ತಿತ್ತು. ಎರಡು ತಿಂಗಳು ಹೀಗೇ ಕಳೆದೆ. ಮೆಟ್ಟಿಲ ಮೇಲೆ ನಿಂತು ವಿಸಿಲ್ ಊದಿದರೂ ದಮ್ಮು ಸಾಲುತ್ತಿರಲಿಲ್ಲ. ಡ್ರೈವರ್ ಸೀತಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿಯೇ ಬಸ್ ನಿಲ್ಲಿಸಲು, ಬಿಡಲು ಕಲಿತುಕೊಂಡಿದ್ದ.

ಒಂದು ಭಾನುವಾರ ಮಧ್ಯಾಹ್ನ ಸುಮಿತ್ರ ಆ ಫೈಲನ್ನು ತಂದು ನನ್ನೆದುರು ನೆಲದ ಮೇಲೆ ಇಟ್ಟಳು. ಅವಳಿಗೆ ಓದಲು ಬರುವುದಿಲ್ಲ. ಹೆಸರು ಬರೆಯುತ್ತಾಳೆ, ಅಷ್ಟೇ. ಫೈಲು ಸಿಕ್ಕಿದ್ದೇ ತಡ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹತ್ತಿರ ಹೋಗಿ ಓದಿಸಿಕೊಂಡು ಬಂದಿದ್ದಳು.

"ಇದ್ರಲ್ಲಿ ಎಂತ ಬರ್ದಿದೆ ಅಂತ ಗೊತ್ತಾಯ್ತು. ನಾಳೆ ಹೊರಡಿ, ನಾನೂ ಬರ್ತೇನೆ," ಅಂದಳು. ಅತ್ತಿರಲಿಲ್ಲ. ಕಣ್ಣು ಮಾತ್ರ ಕೆಂಪಗಿತ್ತು.

ಸಿಕ್ಕಿಬಿದ್ದವನ ಸಿಟ್ಟು ಎಂಥದ್ದು ಅಂತ ಅವತ್ತು ನನಗೆ ಗೊತ್ತಾಯಿತು. ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ, "ಓದ್ಲಿಕ್ಕೆ ಬಾರದವಳಿಗೆ ಎಂತಕ್ಕೆ ಬೇಕು ಈ ಕಾಗದ ಪತ್ರ? ನಿನ್ನ ಕೆಲ್ಸ ನೋಡ್ಕೊ," ಅಂದೆ.

ಅವಳು ಒಳಗೆ ಹೋದಳು. ನಾನು ಸಿಟ್ಟಿನಲ್ಲೇ ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದೆ, ಕೆಮ್ಮು ಬಂತು. ಕೆಮ್ಮಿದ ಮೇಲೆ ಉಸಿರು ಒಳಗೆ ಹೋಗಲಿಲ್ಲ. ಮತ್ತೆ ಎಳೆದೆ. ಗಂಟಲಿನಲ್ಲಿ ಗರಗಸ ಎಳೆದ ಹಾಗೆ ಸದ್ದು ಬಂತೇ ಹೊರತು ಗಾಳಿ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅಶ್ವಿನಿ ಅಂಗಳದಲ್ಲಿದ್ದವಳು "ಅಮ್ಮಾ" ಅಂತ ಕಿರುಚಿದ್ದು ಕೇಳಿಸಿತು.

ಎಸ್ಟೇಟಿನ ಜೀಪಿನಲ್ಲಿ ಕೊಪ್ಪಕ್ಕೆ, ಅಲ್ಲಿ ಆಕ್ಸಿಜನ್ ಹಾಕಿ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ಮಲಗಿದರೆ ಉಸಿರು ಪೂರ್ತಿ ಕಟ್ಟುತ್ತಿತ್ತು, ಹಾಗಾಗಿ ದಿಂಬಿಗೆ ಒರಗಿಸಿ ಕೂರಿಸಿದ್ದರು. ನನ್ನ ಮುಖ ಹಿಂದಿನ ಗಾಜಿನ ಕಡೆ. ನಾನು ದಿನಾ ಜನ ಹತ್ತಿಸಿದ, ಇಳಿಸಿದ ರಸ್ತೆಯೇ ಅದು, ಎನ್.ಆರ್.ಪುರದವರೆಗೆ ಒಂದೊಂದು ತಿರುವೂ ಗೊತ್ತು. ಅದು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿತ್ತು. ಸ್ಟಾಪಿನಲ್ಲಿ ನಿಂತವರು ಸೈರನ್ ಕೇಳಿ ಪಕ್ಕಕ್ಕೆ ಸರಿಯುತ್ತಿದ್ದರು. ಒಳಗೆ ನಾನಿದ್ದೇನೆ ಅಂತ ಒಬ್ಬರಿಗೂ ತಿಳಿಯದು. ಸುಮಿತ್ರ ನನ್ನ ಬೆನ್ನು ಉಜ್ಜುತ್ತಾ, "ಎಳೀರಿ, ನಿಧಾನ ಎಳೀರಿ," ಅನ್ನುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅಲ್ಲಿ ಎಚ್ಚರ ಇದ್ದ ಹಾಗೇ ಕುತ್ತಿಗೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮುಖಕ್ಕೆ ಹಸಿರು ಬಟ್ಟೆ ಹಾಕಿದರು. "ಅಲ್ಲಾಡ್ಬೇಡಿ, ಒಂದೈದು ನಿಮಿಷ," ಅಂತ ಯಾರೋ ಹೇಳಿದರು. ಬಟ್ಟೆಯೊಳಗೆ ಉಸಿರಿಲ್ಲದೆ ಐದು ನಿಮಿಷ. ನಾಲ್ಕು ಜನ ಕೈಕಾಲು ಹಿಡಿದಿದ್ದರು. ಸತ್ತೆ ಅಂತಲೇ ಅಂದುಕೊಂಡೆ. ಆಮೇಲೆ ಇದ್ದಕ್ಕಿದ್ದಂತೆ ಎದೆಯೊಳಗೆ ತಣ್ಣಗೆ ಗಾಳಿ ನುಗ್ಗಿತು. ಮೂಗಿನಿಂದಲೂ ಅಲ್ಲ, ಬಾಯಿಂದಲೂ ಅಲ್ಲ. ಎರಡು ತಿಂಗಳ ಮೇಲೆ ಹೊಟ್ಟೆ ತುಂಬ ಉಸಿರಾಡಿದೆ. ಸುಮಿತ್ರಳನ್ನು ಕರೆಯೋಣ ಅಂತ ಬಾಯಿ ತೆರೆದೆ. ತುಟಿ ಆಡಿತು, ನಾಲಿಗೆ ಆಡಿತು, ಸದ್ದು ಬರಲಿಲ್ಲ. ಗಾಳಿಯೆಲ್ಲ ಕುತ್ತಿಗೆ ಕೊಯ್ದು ಹಾಕಿದ ನಳಿಗೆಯಿಂದಲೇ ಹೊರಗೆ ಹೋಗುತ್ತಿತ್ತು.

ಒಂದು ವಾರದ ಮೇಲೆ ದೊಡ್ಡ ಆಪರೇಷನ್ ಆಯಿತು. ಸ್ವರಪೆಟ್ಟಿಗೆ ತೆಗೆದರು. ಹಾಗಾಗಿ ನನ್ನ ಸ್ವಂತ ಸ್ವರದಲ್ಲಿ ನಾನು ಆಡಿದ ಕೊನೆಯ ಮಾತು, ಆ ಭಾನುವಾರ ಹೆಂಡತಿಗೆ ಅಂದದ್ದೇ.

ವಾರ್ಡಿನಲ್ಲಿ ನನಗೊಂದು ನೋಟ್ ಪುಸ್ತಕ, ಪೆನ್ನು ಕೊಟ್ಟರು. ಬೇಕಾದ್ದು ಬರೆದು ತೋರಿಸಿ ಅಂದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತವಳು ಸುಮಿತ್ರ. ನಾನು ಬರೆದು ಹಿಡಿದರೆ ಅವಳು ಆ ಹಾಳೆಯನ್ನೂ ನನ್ನ ಮುಖವನ್ನೂ ನೋಡುತ್ತಿದ್ದಳು. ಮತ್ತೆ ಪುಸ್ತಕ ತೆಗೆದುಕೊಂಡು ಯಾರಾದರೂ ಓದುವವರನ್ನು ಹುಡುಕಿಕೊಂಡು ಓಡುವಳು. ನಾನು "ಮೂತ್ರಕ್ಕೆ ಹೋಗಬೇಕು" ಅಂತ ಬರೆದದ್ದನ್ನು ಎದುರು ಮಂಚದ ರೋಗಿಯ ತಂಗಿ ಗಟ್ಟಿಯಾಗಿ ಓದಿ ಹೇಳಿದ್ದೂ ಉಂಟು. ಇಡೀ ವಾರ್ಡು ನಕ್ಕಿತು. ನನಗೆ ನಗಲು ಸದ್ದಿಲ್ಲ, ಹೊಟ್ಟೆ ಮಾತ್ರ ಕುಣಿಯಿತು. ನಳಿಗೆಯಿಂದ ಕಫ ಹಾರಿತು. ಸುಮಿತ್ರ ಅದನ್ನು ಒರೆಸುತ್ತಾ ತಾನೂ ನಕ್ಕಳು. ಅವತ್ತಿನಿಂದ ಮಂಚದ ಕಂಬಿಗೆ ಬಡಿಯುವ ಲೆಕ್ಕ ಮಾಡಿಕೊಂಡೆವು. ಒಂದು ಬಡಿದರೆ ಕಫ ತೆಗೆ, ಎರಡಕ್ಕೆ ಮೂತ್ರ, ಮೂರಕ್ಕೆ ದಿಂಬು ಸರಿಮಾಡು. ಮೂಗಿನ ನಳಿಗೆಯಲ್ಲಿ ಗಂಜಿ ನೀರು ಬಿಡುವುದನ್ನು ನರ್ಸು ಒಮ್ಮೆ ತೋರಿಸಿದ್ದಷ್ಟೇ, ಎರಡನೇ ದಿನದಿಂದ ಸುಮಿತ್ರಳೇ ಬಿಟ್ಟಳು.

ಆದರೆ ಕ್ಷಮಿಸು ಅನ್ನುವುದಕ್ಕೆ ಎಷ್ಟು ಬಡಿಯಬೇಕು? ಬರೆದೆ. "ನಾನು ಅವತ್ತು ಹಾಗೆ ಅನ್ನಬಾರದಿತ್ತು" ಅಂತ. ಬರೆದ ಮೇಲೆ ಗೊತ್ತಾಯಿತು, ಇದನ್ನು ತೋರಿಸಿದರೆ ಅವಳು ತೆಗೆದುಕೊಂಡು ಹೋಗಿ ಎದುರಿನವರ ಹತ್ತಿರ ಓದಿಸುತ್ತಾಳೆ. ಅವರು ಯಾವತ್ತು, ಎಂತ ಅಂದಿದ್ದು ಅಂತ ಕೇಳುತ್ತಾರೆ. ಹಾಳೆ ಹರಿದು ಮಡಚಿ ದಿಂಬಿನ ಕೆಳಗೆ ಹಾಕಿದೆ. ಮಾರನೇ ದಿನ ಮತ್ತೆ ಬರೆದೆ, ಮತ್ತೆ ಹರಿದೆ. ಓದಲು ಬಾರದವಳು ಅಂತ ಜರೆದ ನನಗೆ ಓದುವವರಿಗಷ್ಟೇ ಮುಟ್ಟುವ ಮಾತು ಉಳಿದಿತ್ತು. ಆ ದಿನಗಳ ಸಂಕಟಕ್ಕೆ ಹೊಲಿಗೆಯ ನೋವು ಏನೂ ಅಲ್ಲ.

ಗಾಯ ಮಾಗಿದ ಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡುವುದು, ಆರು ವಾರ. ಆಸ್ಪತ್ರೆಯ ಹತ್ತಿರವೇ ರೋಗಿಗಳ ಕಡೆಯವರಿಗೆಂದು ಇದ್ದ ಛತ್ರದಲ್ಲಿ ಉಳಿದೆವು. ಕರೆಂಟಿಗೆ ಮೊದಲು ಒಂದು ಪ್ಲಾಸ್ಟಿಕ್ ಬಲೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ನನ್ನ ಮುಖ, ಕುತ್ತಿಗೆ, ಭುಜದ ಮೇಲೆ ಒತ್ತಿ ಅಚ್ಚು ತೆಗೆದರು. ಆರಿದ ಮೇಲೆ ಅದು ಗಟ್ಟಿ. ದಿನಾ ಆ ಮುಖವಾಡ ಹಾಕಿ ಅದರ ಅಂಚನ್ನು ಮೇಜಿಗೆ ಕ್ಲಿಪ್ ಹಾಕಿ ಬಿಗಿಯುತ್ತಾರೆ. ರೆಪ್ಪೆ ಬಡಿದರೆ ಬಲೆಗೆ ತಾಗುತ್ತದೆ. ಆಮೇಲೆ ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕುತ್ತಾರೆ. ಹೆದರಿಕೆಯಾದರೆ ಉಳಿದ ರೋಗಿಗಳು ಕೂಗಬಹುದು. ನನಗೆ ಕೂಗಲಿಕ್ಕೂ ಇಲ್ಲ. "ಕೈ ಎತ್ತಿ, ನಾವು ಕ್ಯಾಮೆರಾದಲ್ಲಿ ನೋಡ್ತಾ ಇರ್ತೇವೆ," ಅಂತ ಅಲ್ಲಿಯ ಟೆಕ್ನಿಷಿಯನ್ ಹೇಳಿದ್ದರು. ಆದರೆ ಅವರು ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುತ್ತಿದ್ದರೆ? ಮೊದಲ ದಿನ ಮೂರು ಸಲ ಕೈ ಎತ್ತಿದೆ. ಮೂರು ಸಲವೂ ಅವರು ಬೇಸರಪಡದೆ ಒಳಗೆ ಬಂದು ಬಲೆ ಬಿಚ್ಚಿದರು. "ಇವತ್ತಲ್ದಿದ್ರೆ ನಾಳೆ, ನಂಗೇನು ಅರ್ಜೆಂಟಿಲ್ಲ," ಅಂದರು. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಅವರು ಹಾಗೆ ಹೇಳಿದ್ದನ್ನು ನಾನು ಮರೆಯುವುದಿಲ್ಲ. ನಾಲ್ಕನೇ ಸಲ ಕೈ ಎತ್ತಲಿಲ್ಲ.

ಮೂರನೇ ವಾರದಿಂದ ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ಎಂಜಲು ಬತ್ತಿತು. ನೀರು ಕುಡಿದರೂ ಗಾಜಿನ ಚೂರು ನುಂಗಿದ ಹಾಗೆ. ಒಂದು ದಿನ ಮೇಜಿನ ಮೇಲೆ ಮಲಗುವುದಿಲ್ಲ ಅಂತ ಕಾರಿಡಾರಿನಲ್ಲೇ ಕೂತುಬಿಟ್ಟೆ. ಸುಮಿತ್ರ ನನ್ನ ಪಕ್ಕ ಕೂತಳು. ಬುದ್ಧಿ ಹೇಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ, "ನಂಗೂ ಸಾಕಾಗಿದೆ," ಅಂದಳು. ನಾನು ತಿರುಗಿ ಅವಳನ್ನು ನೋಡಿದೆ. ಅಷ್ಟು ವಾರಗಳಲ್ಲಿ ಅವಳನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಕೆನ್ನೆಯ ಮೂಳೆ ಎದ್ದಿತ್ತು. ನಾನು ಎದ್ದು ಒಳಗೆ ಹೋದೆ.

ಮುಂದಿನ ವರ್ಷ ಮಾತಿನ ವಾಲ್ವ್ ಹಾಕಿದರು. ಉಸಿರಿನ ಕೊಳವೆಗೂ ಅನ್ನದ ಕೊಳವೆಗೂ ನಡುವೆ ಬೆರಳ ತುದಿಯಷ್ಟು ಸಣ್ಣ ಸಾಮಾನು. ಕುತ್ತಿಗೆಯ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಬಾಯಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ "ಆ ಅನ್ನಿ" ಅಂದಳು. ಹತ್ತು ಸಲ ಬರೀ ಬುಸ್ ಅಂತು. ಆಮೇಲೆ ಒಂದು "ಆ" ಬಂತು. ನನ್ನದಲ್ಲ ಅದು. ಹಳೇ ಗೇಟು ತೆರೆದ ಹಾಗೆ ಒರಟು, ಏರಿಳಿತವಿಲ್ಲ. "ಮೇಡಂಗೆ ಏನಾದ್ರೂ ಹೇಳಿ," ಅಂತ ಅವಳು ಸುಮಿತ್ರಳ ಕಡೆ ತೋರಿಸಿದಳು. ಎಷ್ಟು ತಿಂಗಳಿಂದ ಕೂಡಿಟ್ಟ ಮಾತಿತ್ತು ನನ್ನಲ್ಲಿ. ಆದರೆ ಬಾಯಿಗೆ ಬಂದದ್ದು, "ಊಟ ಆಯ್ತಾ?"

ಸುಮಿತ್ರ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಹಾಕಿಸಿ, ಹೆಬ್ಬೆರಳಿಟ್ಟು, ಒಂದೊಂದೇ ಪದ ಆರಿಸಿ ಅವಳಿಗೆ ಹೇಳಿದೆ. ಆ ಭಾನುವಾರದ ಮಾತಿಗೆ ಕ್ಷಮೆ ಕೇಳಿದೆ.

"ಯಾವ ಮಾತು?" ಅಂದಳು.

"ಓದ್ಲಿಕ್ಕೆ ಬಾರದವಳು ಅಂದೆನಲ್ಲ."

"ಅವತ್ತು ನಿಮ್ಮ ಬಾಯಿಂದ ಗಾಳಿ ಬಿಟ್ಟು ಬೇರೆ ಎಂತದೂ ಬರ್ಲಿಲ್ಲ. ನಂಗೆ ಕೇಳಿಸ್ಲೇ ಇಲ್ಲ," ಅಂದು ಕಿಟಕಿಯಾಚೆ ನೋಡಿದಳು.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮನೆಗೆ ಬಂದು ಅಶ್ವಿನಿಗೂ ಹೇಳಿದೆ, ಪುಣ್ಯಕ್ಕೆ ನಿನ್ನ ಅಮ್ಮನಿಗೆ ಅದು ಕೇಳಿಸಿರಲಿಲ್ಲವಂತೆ ಅಂತ. ಅವಳು, "ಅಪ್ಪ, ನಾನು ಅಂಗಳದಲ್ಲಿದ್ದೆ. ನಂಗೇ ಕೇಳಿಸಿತ್ತು," ಅಂದಳು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಗುಣವಾಯಿತಾ ಅಂತ ಜನ ಕೇಳುತ್ತಾರೆ. ಹೌದು ಅನ್ನುತ್ತೇನೆ. ಆದರೆ ಬದುಕು ಎಷ್ಟು ಇಕ್ಕಟ್ಟಾಗಿದೆ ಅಂತ ಅವರಿಗೆ ಹೇಳಿ ಪೂರೈಸುವುದಿಲ್ಲ. ಮಳೆಯಲ್ಲಿ ಹೊರಗೆ ಹೋಗುವಂತಿಲ್ಲ, ತೂತಿಗೆ ಹನಿ ಬಿದ್ದರೆ ಸೀದಾ ಶ್ವಾಸಕೋಶಕ್ಕೆ. ನಮ್ಮ ಕಡೆ ಮಳೆ ಹಿಡಿದರೆ ಬಿಡುವುದು ಯಾವಾಗ? ಎದೆಯವರೆಗೆ ಮಾತ್ರ ಸ್ನಾನ. ಒಲೆಯ ಹೊಗೆಗೆ ಕೆಮ್ಮು ಹತ್ತುತ್ತದೆ, ಹಾಗಾಗಿ ಒಳಗೂ ಕೂರುವಂತಿಲ್ಲ. ಬಿಸಿ ಕಾಫಿಯನ್ನು ಊದಿ ಆರಿಸಲು ಆಗುವುದಿಲ್ಲ. ಮಲ್ಲಿಗೆಯಾಗಲಿ, ಸೀದ ಅನ್ನವಾಗಲಿ, ಮೂಗಿಗೆ ಗೊತ್ತಾಗುವುದಿಲ್ಲ. ಫೋನಿನಲ್ಲಿ ನನ್ನ ಸ್ವರ ಕೇಳಿದವರು ಯಾರೋ ತಮಾಷೆ ಮಾಡುತ್ತಿದ್ದಾರೆ ಅಂತ ಕಟ್ ಮಾಡುತ್ತಾರೆ. ಬಸ್ಸಿನ ಕೆಲಸ ಹೋಯಿತು. ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದರಲ್ಲಿ ಚಿಲ್ಲರೆ ಹಿಡಿದರೆ ಮಾತಾಡಲಿಕ್ಕೆ ಕೈ ಎಲ್ಲಿದೆ? ಸೀತಣ್ಣನ ಬಸ್ಸು ಬೆಳಿಗ್ಗೆ ಎಸ್ಟೇಟಿನ ಗೇಟು ದಾಟುವ ಹೊತ್ತಿಗೆ ನಾನು ಬೇಕೆಂದೇ ಹಿತ್ತಿಲಿಗೆ ಹೋಗುತ್ತೇನೆ. ಈಗ ಎಸ್ಟೇಟಿನ ನರ್ಸರಿಯಲ್ಲಿ ಕಾಫಿ ಗಿಡದ ಪ್ಯಾಕೆಟ್ಟಿಗೆ ಮಣ್ಣು ತುಂಬುತ್ತೇನೆ. ಅಲ್ಲಿ ನೆರಳಿದೆ, ಗಾಳಿಯಲ್ಲಿ ಪಸೆ ಇದೆ, ಉಸಿರಿಗೆ ಹಿತ. ಕೈಯೆಲ್ಲ ಮಣ್ಣಾಗಿರುವುದರಿಂದ ಚಾ ಕುಡಿಯುವ ಹೊತ್ತಿನವರೆಗೂ ನಾನು ಮೂಕ. ಮೂರು ತಿಂಗಳಿಗೊಮ್ಮೆ ತಪಾಸಣೆ. ಅದಕ್ಕೆ ಹತ್ತು ದಿನ ಇರುವಾಗಲೇ ನಾನು ಕುತ್ತಿಗೆಯಲ್ಲಿ ಗಂಟು ಹುಡುಕಲು ಶುರು ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಆ ಮಾತು ಕಲಿಸುವ ಹುಡುಗಿ, ಒಬ್ಬರನ್ನು ನಿಮ್ಮ ಮನೆಗೆ ಕಳಿಸಲಾ ಅಂತ ಮೆಸೇಜು ಹಾಕಿ ಕೇಳಿದಳು. ಬಂದವರು ಎನ್.ಆರ್.ಪುರದ ಚೆನ್ನಪ್ಪ, ಸಂತೆಯಲ್ಲಿ ತರಕಾರಿ ಮಾರುವವರು, ನನಗಿಂತ ಹತ್ತು ವರ್ಷ ದೊಡ್ಡವರು. ಜೊತೆಗೆ ಅವರ ಹೆಂಡತಿ. ಚೆನ್ನಪ್ಪನವರಿಗೂ ಅದೇ ಕಾಯಿಲೆ, ಅದೇ ಆಪರೇಷನ್ ಹೇಳಿದ್ದರು. ಒಂದು ತಿಂಗಳಿಂದ ಆಸ್ಪತ್ರೆಗೆ ಹೋಗಿರಲಿಲ್ಲ. ಆ ಹೆಂಗಸು ಸುಮಿತ್ರಳ ಜೊತೆ ಒಳಗೆ ಹೋದರು. ಚೆನ್ನಪ್ಪ ನನ್ನ ಕುತ್ತಿಗೆಯ ಬಟ್ಟೆಯನ್ನೇ ನೋಡುತ್ತಾ ಕೂತರು. ನಾನು ಬಟ್ಟೆ ಸರಿಸಿ ತೋರಿಸಿದೆ. ಅವರು ಕಣ್ಣು ಬೇರೆ ಕಡೆ ಮಾಡಲಿಲ್ಲ.

"ಒಂದು ಕೇಳ್ಲಾ?" ಅಂದರು. ಅವರ ಸ್ವರ ಆಗಲೇ ಹರಿದ ಬಟ್ಟೆಯಂತಿತ್ತು. "ಮಾಡಿಸ್ದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ಯಾವಾಗಾದ್ರೂ ಅನ್ಸಿದೆಯಾ?"

ಇಲ್ಲ ಅನ್ನಬೇಕು ಅಂತ ನನಗೆ ಗೊತ್ತಿತ್ತು. ಆ ಹುಡುಗಿ ಕಳಿಸಿದ್ದು ಅದಕ್ಕೇ. ಆದರೆ ಟ್ರಂಕಿನಲ್ಲಿ ಫೈಲು ಮುಚ್ಚಿಟ್ಟು ಎರಡು ತಿಂಗಳು ತಿರುಗಿದವನು ನಾನು. ಈ ಮನುಷ್ಯನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹೆಬ್ಬೆರಳಿಟ್ಟು, "ಅನ್ಸಿದೆ," ಅಂದೆ. "ತುಂಬ ಸಲ. ಮೊನ್ನೆಯೂ ಅನ್ಸಿತು. ಆಮೇಲೆ ಮಗಳು ಡಿಗ್ರಿ ಕಾಲೇಜಿಂದ ಬಂದು ಎಂತದೋ ಹೇಳ್ತಾಳೆ, ಕೇಳ್ತಾ ಕೂರ್ತೇನೆ. ಆವಾಗ ಮರೆತು ಹೋಗ್ತದೆ."

ಚೆನ್ನಪ್ಪ ತಲೆ ಆಡಿಸಿದರು. "ಎಲ್ರೂ ಏನೂ ಆಗಲ್ಲ, ಏನೂ ಆಗಲ್ಲ ಅಂತಾರೆ ಮಾರಾಯ್ರೆ," ಅಂದರು. "ಅದನ್ನ ಕೇಳಿದ್ರೇ ಹೆದರಿಕೆ ಜಾಸ್ತಿ ಆಗ್ತದೆ." ಹೊರಡುವಾಗ ಗೇಟಿನವರೆಗೂ ನಾನು ಜೊತೆಗೆ ಹೋದೆ. ಬಸ್ ಕಾಣಿಸಿದ ಮೇಲೆ, "ಸೋಮವಾರ ಹೋಗ್ತೇನೆ. ನೀವು ಜೊತೆಗೆ ಬರ್ತೀರಾ?" ಅಂದರು.

ಸೋಮವಾರ ಅದೇ ಗಂಟಲಿನ ವಿಭಾಗದ ಹೊರಗೆ ಮೂವರೂ ಬೆಂಚಿನ ಮೇಲೆ ಕೂತಿದ್ದೆವು. ಕುತ್ತಿಗೆಗೆ ಬಟ್ಟೆ ಸುತ್ತಿದ ನನ್ನ ಎಡಗಡೆಗೆ ಯಾರೂ ಕೂರಲಿಲ್ಲ. ಬಲಗಡೆ ಚೆನ್ನಪ್ಪ, ಅವರಾಚೆ ಅವರ ಹೆಂಡತಿ. ಒಳಗಿನಿಂದ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಪ್ರತಿ ಹೆಸರಿಗೂ ಚೆನ್ನಪ್ಪ ಅರ್ಧ ಎದ್ದು ಕೂರುತ್ತಿದ್ದರು. ಧೈರ್ಯ ಹೇಳೋಣ ಅಂತ ನಾನು ಬಲಗೈ ಎತ್ತಿ ಕುತ್ತಿಗೆಗೆ ಒಯ್ಯುವುದರೊಳಗೆ ಅವರು ಆ ಕೈಯನ್ನು ಹಿಡಿದುಕೊಂಡರು. ಮಗು ಹಿಡಿದ ಹಾಗೆ ಬಿಗಿಯಾಗಿ, ಎರಡೂ ಕೈಯಲ್ಲಿ. ನಾನು ಮಾತಾಡುವ ಕೈ ಅದು. ಬಿಡಿಸಿಕೊಳ್ಳಲಿಲ್ಲ. ಅವರ ಹೆಸರು ಕೂಗುವವರೆಗೂ ಹಾಗೇ ಕೂತಿದ್ದೆವು.